ಮದಲೂರಿನ ಕೆಂಪು ಕಾರಿನ ಬೆಲ್ಟು

ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಂದು ಮೂಟೆ ರಾಗಿ ಹಾಕಲು ಜಾಗವಿಲ್ಲ, ಮನೆಮಂದಿ ಕೂರುವಂತಿಲ್ಲ, ನಮ್ಮ ಕಡೆಯ ರಸ್ತೆಯ ಒಂದೊಂದು ಉಬ್ಬಿಗೂ ಹೊಟ್ಟೆ ಉಜ್ಜಿಕೊಂಡು ಹೋಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವವರಿಗಾಗಿ ಮಾಡಿದ ಗಾಡಿ ಅದು. ಶಿರಾದ ಮಧುಗಿರಿ ರಸ್ತೆಯಲ್ಲಿ ನನ್ನದು ಡೈನಮೋ ರಿಪೇರಿ ಅಂಗಡಿ. ಪುಸ್ತಕದಲ್ಲಿ ಆಲ್ಟರ್ನೇಟರ್ ಅಂತ ಬರೆದಿರುವುದನ್ನು ಇಲ್ಲಿ ಇಂದಿಗೂ ಡೈನಮೋ ಅಂತಲೇ ಕರೆಯುತ್ತಾರೆ. ಲಾರಿ ಬರುತ್ತವೆ, ಟ್ರ್ಯಾಕ್ಟರ್ ಬರುತ್ತವೆ, ಬೋರ್‌ವೆಲ್ ಕೊರೆಯುವ ಗಾಡಿಗಳು ಬರುತ್ತವೆ. ಅವೆಲ್ಲ ಏನಾದರೊಂದು ಕೆಲಸಕ್ಕೆ ಬರುವ ಗಾಡಿಗಳು.

ಆ ಬುಧವಾರ ಸಂಜೆಯ ಹೊತ್ತಿಗೆ ಅಂಥದ್ದೇ ಒಂದು ಹಳೆಯ ಕೆಂಪು ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಮೇಲಿನ ಬಟ್ಟೆಯ ಟಾಪು ಮಡಚಿತ್ತು. ಸ್ಟೀರಿಂಗ್ ಹಿಡಿದಿದ್ದವರು ಪಂಚೆ ಉಟ್ಟ ಒಬ್ಬ ಯಜಮಾನರು. ಹುಬ್ಬಿನ ಕೂದಲಲ್ಲಿ ರಾಗಿ ಹಿಟ್ಟು ಇನ್ನೂ ಉಳಿದಿತ್ತು. ಪಕ್ಕದಲ್ಲಿ ಅವರ ಹೆಂಡತಿ ಕಪ್ಪು ಕೊಡೆ ಬಿಚ್ಚಿ ಹಿಡಿದು, ಮೆರವಣಿಗೆಗೆ ಹೊರಟವರ ಹಾಗೆ ನೆಟ್ಟಗೆ ಕೂತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆ ನೆನಪಾಗಿ ನನ್ನಷ್ಟಕ್ಕೆ ನಾನೇ ನಕ್ಕೆ.

“ಫ್ಯಾನ್ ಬೆಲ್ಟ್ ಹೋಯ್ತು ಸಾಬ್ರೇ,” ಅಂದರು ಯಜಮಾನರು. “ಬೆಲ್ಟು ನನ್ತಾವೇ ಐತೆ. ಏರಿಸಿ ಕೊಟ್ಬುಡಿ, ಹೊಂಟೋಯ್ತೀವಿ.”

ಸೀಟಿನ ಹಿಂದಿನಿಂದ ಒಂದು ದಪ್ಪನೆಯ ಕಪ್ಪು ಬೆಲ್ಟು ತೆಗೆದರು. ಅವರದು ಮದಲೂರಿನಲ್ಲಿ ರಾಗಿ ಮಿಲ್ಲು. ಬೆಲ್ಟು ಮಿಲ್ಲಿನ ಮೋಟರಿನದು. ಕೆರೆಯ ಪಕ್ಕ ತೋಟದ ಮನೆ ಕಟ್ಟಿಸುತ್ತೇನೆಂದು ಬಂದ ಯಾರೋ ಪಟ್ಟಣದವನು ಈ ಕಾರನ್ನು ಮಿಲ್ಲಿನ ಶೆಡ್ಡಿನಲ್ಲಿ ನಿಲ್ಲಿಸಿ, ಮನೆಯ ಆಸೆ ತೀರಿದ ಮೇಲೆ ಇವರಿಗೇ ಸಾಗಹಾಕಿ ಹೋಗಿದ್ದನಂತೆ. ಬೇರೆಯವರ ಶೋಕಿ ಕಳಚಿ ಬಿದ್ದದ್ದನ್ನು ಎತ್ತಿ ತೊಟ್ಟುಕೊಂಡವರು ಎಂದು ಅಲ್ಲಿಗೇ ತೀರ್ಮಾನಿಸಿಬಿಟ್ಟೆ.

ಈ ಕಾರಿನ ಫ್ಯಾನಿಗೆ ಬೇರೆ ಮೋಟರಿದೆ. ಬೆಲ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೆಲ್ಟು ತಿರುಗಿಸುವುದು ಎರಡನ್ನು: ಬ್ಯಾಟರಿ ತುಂಬುವ ಡೈನಮೋ, ಇಂಜಿನ್ನಿನೊಳಗೆ ನೀರು ಓಡಿಸುವ ಪಂಪು. ಬೆಲ್ಟು ಹರಿದರೆ ಮೊದಲು ಕೆಂಪು ಲೈಟು, ಆಮೇಲೆ ಹಬೆ, ಆಮೇಲೂ ಓಡಿಸಿದರೆ ಇಂಜಿನ್ನಿನ ತಲೆ ಸೊಟ್ಟ. ಎಷ್ಟು ದೂರ ಹಾಗೇ ಓಡಿಸಿದಿರಿ ಎಂದು ಕೇಳಿದೆ.

“ಓಡಿಸೋಕೆ ನಾನೆಲ್ಲಿ ಬುಟ್ಟೆ?” ಕೊಡೆಯ ಕೆಳಗಿನಿಂದ ಆ ಹೆಂಗಸು ಅಂದರು. “ಬಿಸಿ ತೋರ್ಸೋ ಮುಳ್ಳು ಮೇಲಕ್ಕೆ ಹೋಯ್ತಿತ್ತು. ಈಯಪ್ಪ ಇನ್ನೊಂಚೂರು ದೂರ, ಇನ್ನೊಂಚೂರು ದೂರ ಅಂತಿದ್ರು. ಕೀ ತಿರುಗಿಸಿ ಕಿತ್ಕಂಡೆ.”

ಆಮೇಲೆ ಸೆರಗು ಸರಿಸಿ ಎಡಗೈ ತೋರಿಸಿದರು. ಮೊಣಕೈ ಒಳಗೆ ನರ ಹಗ್ಗದಂತೆ ಉಬ್ಬಿತ್ತು, ಮೇಲೆ ಹೊಸ ಪ್ಲಾಸ್ಟರು. ಡಯಾಲಿಸಿಸ್ ಮುಗಿಸಿಕೊಂಡು ಮಧುಗಿರಿಯಿಂದ ಬರುತ್ತಿದ್ದರು. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನದ ಪಾಳಿ. ಒಂದು ಪಾಳಿ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಯಜಮಾನರು ಹೇಳಿದರು. ಅವರು ಹೇಳುವಾಗ ಆಕೆ ಇನ್ಯಾರದೋ ಕಥೆ ಎಂಬಂತೆ ರಸ್ತೆ ನೋಡುತ್ತಿದ್ದರು.

ಟೀ ತರಿಸಿದೆ. ಆಕೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಅಳ್ತೆ ನೀರಿನೋಳು ನಾನು. ಇವತ್ತಿಂದು ಮುಗೀತು.”

ನನ್ನ ನಾಲಿಗೆ ಸುಮ್ಮನಿರುವುದಲ್ಲ. “ಅಕ್ಕಾ, ಆಸ್ಪತ್ರೆಗೆ ಹೋಗೋಕೂ ಇದೇ ಕಾರೇ ಆಗ್ಬೇಕಾ?” ಅಂದೆ.

“ಆಸ್ಪತ್ರೆಯ ಆ ಉದ್ದನೆ ವ್ಯಾನ್‌ನಾಗೆ ಮಲಗಿಸ್ತಾರೆ. ಮಲಗಿದ್ರೆ ರಸ್ತೆ ಕಾಣಲ್ಲ. ಟ್ಯಾಕ್ಸಿಯೋನು ಕನ್ನಡಿಯೊಳಗೆ ನನ್ ಮುಖ ನೋಡಿ ಲೊಚಗುಟ್ತಾನೆ. ಶಿರಾದಲ್ಲೇ ಮಾಡಿಸ್ಕಂಡ್ರೆ ನೆಂಟ್ರೆಲ್ಲಾ ಎಳನೀರು ಹಿಡ್ಕಂಡು ಬಂದು ಮೂಗು ಒರಸ್ತಾರೆ. ನಾನು ಎಳನೀರು ಕುಡಿಯಂಗಿಲ್ಲ ಅಂತ ಗೊತ್ತಿದ್ರೂ ತತ್ತಾರೆ. ಇದು ನೆಲಕ್ಕೆ ಹತ್ರ, ಬರುವಾಗ ತಲೆ ತಿರುಗಲ್ಲ. ಇನ್ನೊಬ್ರು ಹತ್ತೋಕೆ ಜಾಗ ಇಲ್ಲ. ಇದಕ್ಕಿಂತ ಒಳ್ಳೆ ಕಾರು ಯಾವ್ದೈತೆ, ನೀವೇ ಹೇಳಿ.”

ಬಾನೆಟ್ಟು ಎತ್ತಿದೆ.

ಬೆಲ್ಟು ಚಿಂದಿ ಚಿಂದಿಯಾಗಿ ಪಂಪಿನ ಕೊರಳಿಗೆ ಸುತ್ತಿಕೊಂಡಿತ್ತು. ಬೆಲ್ಟು ಸುತ್ತುವ ಮೂರೂ ಪುಲ್ಲಿಗಳ, ಅಂದರೆ ಇಂಜಿನ್ನು, ಪಂಪು, ಡೈನಮೋದ ಗಾಲಿಗಳ ಮೇಲೆ ಬೆಲ್ಲದ ಪಾಕದಂಥ ಕಂದು ಅಂಟು. ಉಗುರಲ್ಲಿ ಕೆರೆದು ಮೂಸಿದೆ. ರಾಳ.

ರಾಗಿ ಮಿಲ್ಲಿನವರು ರಾಳಕ್ಕೆ ಎಣ್ಣೆ ಹಾಕಿ ಕಾಯಿಸಿ ಉಂಡೆ ಕಟ್ಟಿಟ್ಟುಕೊಂಡಿರುತ್ತಾರೆ. ಕಲ್ಲು ತಿರುಗಿಸುವ ಚಪ್ಪಟೆ ಬೆಲ್ಟು ಜಾರತೊಡಗಿದರೆ ಓಡುತ್ತಿರುವ ಬೆಲ್ಟಿನ ಹೊಟ್ಟೆಗೆ ಆ ಉಂಡೆ ಒತ್ತಿ ಹಿಡಿಯುತ್ತಾರೆ. ಜಾರುವುದು ನಿಲ್ಲುತ್ತದೆ, ಹಿಟ್ಟು ಬರುತ್ತದೆ. ಅಲ್ಲಿ ಅದು ಸರಿ. ಚಪ್ಪಟೆ ಬೆಲ್ಟು ಹೊಟ್ಟೆಯಿಂದ ಹಿಡಿಯುತ್ತದೆ. ಕಾರಿನ ಬೆಲ್ಟು ಹಿಡಿಯುವುದು ಪಕ್ಕೆಯಿಂದ. ಪುಲ್ಲಿಯ ಸಂದಿನೊಳಗೆ ಬೆಣೆಯಂತೆ ಕೂತು ಎರಡು ಗೋಡೆಗೂ ಒತ್ತಿಕೊಳ್ಳುತ್ತದೆ. ಅದಕ್ಕೆ ರಾಳ ಹಚ್ಚಿದರೆ ಒಂದು ಗಳಿಗೆ ಕಚ್ಚುತ್ತದೆ, ಮರುಗಳಿಗೆ ಬಿಡುತ್ತದೆ, ಕಾಯುತ್ತದೆ, ರಬ್ಬರು ಸುಲಿಯುತ್ತದೆ. ಇದನ್ನೆಲ್ಲ ಯಜಮಾನರಿಗೆ ಬಿಡಿಸಿ ಹೇಳಿದೆ.

“ಬೆಲ್ಟು ಅಂದ್ರೆ ಬೆಲ್ಟೇ ಸಾಬ್ರೇ,” ಅಂದರು. “ಕಿರ್ರೋ ಅಂತ ಕೂಗ್ತಿತ್ತು, ಹಚ್ಚಿದೆ, ಬಾಯ್ಮುಚ್ಕಂತು. ನಮ್ಮಪ್ಪನ ಕಾಲದಿಂದ ಬೆಲ್ಟ್ ನೋಡ್ಕಂಡ್ ಬಂದಿರೋನು ನಾನು.”

“ಅಂಗಾದ್ರೆ ಇದೆಷ್ಟನೇ ಬೆಲ್ಟು?”

ಅವರು ಹೆಂಡತಿಯ ಕಡೆ ನೋಡಿದರು. “ಮೂರ್ನೇದು,” ಅಂದರು ಆಕೆ, ಸಂತೋಷದಿಂದಲೇ.

ಕೂಗುವ ಬೆಲ್ಟನ್ನು ಯಾಕೆ ಕೂಗುತ್ತಿದ್ದೀಯ ಎಂದು ಕೇಳದೆ ಬಾಯಿಗೆ ಅಂಟು ತುಂಬಿದ ಮನುಷ್ಯನ ಬಗ್ಗೆ ನನಗೆ ಯಾವ ಗೌರವವೂ ಹುಟ್ಟಲಿಲ್ಲ. ಅವರಿಬ್ಬರನ್ನೂ ಮದಲೂರಿನ ಬಸ್ಸಿಗೆ ಹತ್ತಿಸಿ, ಪುಲ್ಲಿಗಳನ್ನು ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸುತ್ತ, ತಂತಿ ಬ್ರಷ್ಷಿನಿಂದ ಉಜ್ಜುತ್ತ ಕೂತೆ. ರಾಳ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬೈಗುಳ ಮಾತ್ರ ಸಲೀಸಾಗಿ ಬರುತ್ತಿತ್ತು.

ಇನ್ನು ಬೆಲ್ಟು ಆರಿಸುವ ಪ್ರಶ್ನೆ. ಹಳೆಯ ಕಾರು ಇಟ್ಟುಕೊಂಡವರದೊಂದು ಗುಂಪು ಯಜಮಾನರ ಫೋನಿನಲ್ಲಿತ್ತು. ಕಾರು ಸಾಗಹಾಕಿದವನೇ ಸೇರಿಸಿಹೋಗಿದ್ದನಂತೆ. ಬೆಳಗ್ಗೆ ಎದ್ದರೆ ತೊಳೆದ ಕಾರಿನ ಫೋಟೋ, ಮಲಗುವಾಗ ಪಾಲಿಶ್ ಹಾಕಿದ ಕಾರಿನ ಫೋಟೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬೆಲ್ಟು ಕೇಳಿದ ತಕ್ಷಣ ಅಲ್ಲೊಬ್ಬ ಪಂಡಿತ ಕಂಪನಿಯ ಪುಸ್ತಕದ ನಂಬರು ಎಸೆದು, ಬೇರೆ ಯಾವುದನ್ನೂ ಮುಟ್ಟಬೇಡಿ ಎಂದು ಅಪ್ಪಣೆ ಕೊಟ್ಟಿದ್ದ. ಯಜಮಾನರು ಅದನ್ನು ನನಗೆ ಕಳಿಸಿದರು. ಆ ನಂಬರಿಗೆ ಸರಿಹೊಂದುವ ಬೆಲ್ಟು ಶಿರಾದಲ್ಲಿ ಇರಲಿಲ್ಲ. ಮಧುಗಿರಿಯ ಸ್ಪೇರ್ ಅಂಗಡಿಯವನಿಗೆ ಫೋನ್ ಮಾಡಿದೆ. ಗುರುವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ.

ಹಾಕಿ ನೋಡಿದರೆ ಜೋಲು ಜೋಲು. ಡೈನಮೋವನ್ನು ಬೆಲ್ಟು ಬಿಗಿ ಮಾಡುವ ಪಟ್ಟಿಯ ತುದಿಯವರೆಗೂ ಹೊರಗೆ ಎಳೆದರೂ ಬೆಲ್ಟು ಹಳೆ ಉಡಿದಾರದಂತೆ ನೇತಾಡುತ್ತಿತ್ತು.

ಆಗ ನೋಡಬೇಕಾದ್ದನ್ನು ನೋಡಿದೆ. ಡೈನಮೋ ಈ ಕಾರಿನದೇ ಅಲ್ಲ. ಹಿಂದೆ ಯಾವನೋ ಮಹಾನುಭಾವ ಒಂದು ಸಾಮಾನು ಸಾಗಿಸುವ ವ್ಯಾನಿನ ಡೈನಮೋ ತಂದು, ಪಟ್ಟಿ ಬಗ್ಗಿಸಿ ಇದಕ್ಕೆ ಕೂರಿಸಿದ್ದ. ಅದರ ಪುಲ್ಲಿ ಸಣ್ಣದು, ಹಾಗಾಗಿ ಪುಸ್ತಕದ ಉದ್ದ ಹೆಚ್ಚಾಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಳತೆ ಕಡ್ಡಿ ಹಿಡಿದೆ. ಇಂಜಿನ್ನಿನ ಪುಲ್ಲಿಯಲ್ಲೂ ಪಂಪಿನ ಪುಲ್ಲಿಯಲ್ಲೂ ಬೆಲ್ಟು ಕೂರುವ ಸಂದು ಹತ್ತು ಮಿಲಿಮೀಟರಿನದು. ಡೈನಮೋದ ಪುಲ್ಲಿಯಲ್ಲಿ ಹದಿಮೂರು. ಅಂದರೆ ಯಾವ ಬೆಲ್ಟು ತಂದರೂ ಒಂದಲ್ಲ ಒಂದು ಕಡೆ ತಪ್ಪೇ. ಹತ್ತರದ್ದು ಹಾಕಿದರೆ ಡೈನಮೋದಲ್ಲಿ ತಳಕ್ಕೆ ಇಳಿದು ಜಾರುತ್ತದೆ. ಹದಿಮೂರರದ್ದು ಹಾಕಿದರೆ ಉಳಿದ ಎರಡರಲ್ಲಿ ಒಳಗೆ ಇಳಿಯದೆ ಅಂಚಿನ ಮೇಲೆ ಕೂತು ಕೂಗುತ್ತದೆ. ಇಷ್ಟು ದಿನ ಇವರು ಹಾಕುತ್ತಿದ್ದ ಮಿಲ್ಲಿನ ಬೆಲ್ಟು ಹದಿಮೂರರದ್ದು. ಅದು ಕೂಗಿತು, ಇವರು ರಾಳ ತಿನ್ನಿಸಿದರು. ಗುಂಪಿನ ಪಂಡಿತನಂತೂ ಇಷ್ಟು ನೋಡದೆಯೇ ಪುಸ್ತಕ ಓದಿದ್ದ; ನಾನೂ ಬಾನೆಟ್ಟಿನೊಳಗೆ ನೋಡುವ ಬದಲು ಅವನ ನಂಬರಿಗೆ ಬಸ್ಸು ಕಾದೆ.

ಬೆಲ್ಟಿಗಿಂತ ಮೊದಲು ಪುಲ್ಲಿ ಆರಿಸಬೇಕು. ಅಂಗಡಿಯ ಹಿಂದೆ ಸತ್ತ ಡೈನಮೋಗಳ ಗುಡ್ಡೆಯಿದೆ. ಅದನ್ನು ಕೆದಕಿ, ತುಕ್ಕು ಉದುರಿಸಿ, ಒಳಗಿನ ತೂತು ಸರಿಹೊಂದುವ ಸಣ್ಣ ಸಂದಿನ ಪುಲ್ಲಿಯೊಂದನ್ನು ಹುಡುಕಿದೆ. ಹಳೆಯ ಪುಲ್ಲಿಯ ನಟ್ಟು ಬಿಚ್ಚಬೇಕಾದರೆ ಪುಲ್ಲಿ ತಿರುಗದಂತೆ ಗಟ್ಟಿಯಾಗಿ ಹಿಡಿಯಬೇಕು. ಯಜಮಾನರು ತಂದಿದ್ದ ಮಿಲ್ಲಿನ ಬೆಲ್ಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಅದನ್ನು ಪುಲ್ಲಿಗೆ ಸುತ್ತಿ ಬೆಂಚಿನ ವೈಸ್ ಇಕ್ಕಳದಲ್ಲಿ ಬಿಗಿದು ನಟ್ಟು ಬಿಚ್ಚಿದೆ. ಹೊಸ ಪುಲ್ಲಿ ಹಾಕಿ, ಡೈನಮೋವನ್ನು ಪಟ್ಟಿಯ ನಡುಮಧ್ಯೆ ನಿಲ್ಲಿಸಿ, ಮೂರೂ ಪುಲ್ಲಿಗಳ ಸಂದಿನಲ್ಲಿ ಟ್ವೈನ್ ದಾರ ಸುತ್ತಿ ಅಳೆದೆ. ಸ್ಪೇರ್ ಅಂಗಡಿಯವನಿಗೆ ಮತ್ತೆ ಫೋನು. ದಾರ ಸಂದಿನ ತಳದಲ್ಲಿ ಓಡುವುದರಿಂದ ಇದು ಒಳ ಅಳತೆ, ಬೆಲ್ಟಿನ ಮೇಲೆ ಬರೆದಿರುವುದು ಹೊರ ಅಳತೆ, ನೋಡಿ ಕೊಡಪ್ಪ ಎಂದು ಒತ್ತಿ ಹೇಳಿದೆ.

“ಆಯ್ತು ಭಾಯ್, ನಂಗೇ ಹೇಳ್ಕೊಡ್ತೀರಾ?” ಅಂದ.

ಹೇಳಿಕೊಡಬೇಕಿತ್ತು. ಶುಕ್ರವಾರ ಬೆಳಗ್ಗೆ ಬಂದ ಬೆಲ್ಟು ಅಗಲದಲ್ಲಿ ಸರಿ, ಉದ್ದದಲ್ಲಿ ಗಿಡ್ಡ. ನಾನು ಹೇಳಿದ ಅಂಕಿಯನ್ನೇ ಬೆಲ್ಟಿನ ಮೇಲೆ ಹುಡುಕಿ ಕಳಿಸಿದ್ದ. ಡೈನಮೋವನ್ನು ಇಂಜಿನ್ನಿಗೆ ಅಂಟುವಷ್ಟು ಒಳಗೆ ತಳ್ಳಿದರೂ ಮೂರನೆಯ ಪುಲ್ಲಿಗೆ ಅದು ಏರಲಿಲ್ಲ. ಫೋನಿನಲ್ಲಿ ಅವನ ವಂಶವನ್ನೆಲ್ಲ ನೆನೆದು, ಸರಿಯಾದದ್ದನ್ನು ಮುಂದಿನ ಬಸ್ಸಿಗೆ ಹಾಕು ಅಂದೆ. ಅಷ್ಟರಲ್ಲಿ ಯಜಮಾನರೂ ಅವರ ಹೆಂಡತಿಯೂ ಬಸ್ಸಿಳಿದು ಬಂದರು. ಆಕೆಯ ಮುಖ ಬುಧವಾರಕ್ಕಿಂತ ಊದಿತ್ತು, ಕಾಲಿನ ಚಪ್ಪಲಿ ಪಟ್ಟಿ ಮಾಂಸದಲ್ಲಿ ಹೂತಿತ್ತು. ಸೀದಾ ಹೋಗಿ ಕಾರಿನಲ್ಲಿ ಕೂತು ಕೊಡೆ ಬಿಚ್ಚಿದರು.

“ಬೆಲ್ಟ್ ಬತ್ತೈತೆ, ಸ್ವಲ್ಪ ಕಾಯಿರಿ. ಏನೂ ಮುಟ್ಟಬ್ಯಾಡಿ,” ಎಂದು ಯಜಮಾನರಿಗೆ ಹೇಳಿ ಜುಮ್ಮಾ ನಮಾಜಿಗೆ ಹೋದೆ.

ವಾಪಸು ಬಂದಾಗ ರಸ್ತೆಯ ತಿರುವಿನಲ್ಲೇ ಇಂಜಿನ್ನಿನ ಸದ್ದು ಕೇಳಿಸಿತು. ಹತ್ತಿರ ಬಂದರೆ ರಾಳದ ವಾಸನೆ.

ಮಿಲ್ಲಿನವರಿಗೆ ಇನ್ನೊಂದು ಅಭ್ಯಾಸವಿದೆ. ಮೋಟರು ನಿಲ್ಲಿಸುವ ತಾಳ್ಮೆ ಅವರಿಗಿಲ್ಲ. ಓಡುತ್ತಿರುವ ಪುಲ್ಲಿಯ ಅಂಚಿಗೆ ಬೆಲ್ಟು ಕೊಟ್ಟು ಕೋಲಿನಿಂದ ನೂಕುತ್ತಾರೆ. ತಿರುಗುವ ಪುಲ್ಲಿ ತಾನೇ ಬೆಲ್ಟನ್ನು ಎಳೆದು ಮೇಲೇರಿಸಿಕೊಳ್ಳುತ್ತದೆ. ಬೆರಳು ಕಳೆದುಕೊಂಡವರು ಊರಿಗಿಬ್ಬರು ಸಿಗುತ್ತಾರೆ, ಆದರೂ ಬಿಡುವುದಿಲ್ಲ. ಯಜಮಾನರು ನನ್ನ ಕಬ್ಬಿಣದ ಲಿವರ್ ತೆಗೆದುಕೊಂಡು, ಗಿಡ್ಡ ಬೆಲ್ಟನ್ನು ಎರಡು ಪುಲ್ಲಿಗೆ ಪೂರ್ತಿ, ಮೂರನೆಯದಕ್ಕೆ ಅರ್ಧ ಹಾಕಿ, ಹೆಂಡತಿಯ ಕೈಯಲ್ಲಿ ಸೆಲ್ಫ್ ಹೊಡೆಸಿ, ನೂಕಿ ಏರಿಸಿಬಿಟ್ಟಿದ್ದರು.

“ನೋಡಿ ಸಾಬ್ರೇ, ನೀವು ಗಿಡ್ಡ ಅಂದ್ರಿ,” ಅಂದರು ಮುಖವರಳಿಸಿ. “ಬೆಲ್ಟನ್ನ ಕೇಳಬಾರದು, ಏರಿಸ್ಬುಡ್ಬೇಕು. ಕೆಂಪು ಲೈಟೂ ಆರೋಯ್ತು. ಹೊಂಡ್ತೀವಿ.”

ಇಂಜಿನ್ ಆರಿಸಿದೆ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ತಂಬೂರಿ ತಂತಿಯ ಹಾಗೆ ಬಿಗಿ. ಟಾರ್ಚು ಹಿಡಿದು ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಹೋದೆ. ಲಿವರು ಕಚ್ಚಿದ ಜಾಗ ಸಿಕ್ಕಿತು. ಪಕ್ಕೆಯ ಬಟ್ಟೆ ಸುಲಿದು ಒಳಗಿನ ಹುರಿ ಎರಡೆಳೆ ಹೊರಗೆ ಬಂದಿತ್ತು. ಬೆಲ್ಟಿನ ಜೀವವಿರುವುದು ಆ ಹುರಿಯಲ್ಲಿ. ರಬ್ಬರು ಬರೀ ಮೈ. ಇದು ಮಧುಗಿರಿ ಮುಟ್ಟಿದರೂ ಮುಟ್ಟೀತು. ಆದರೆ ಬರುವಾಗ ಕತ್ತಲಾಗುತ್ತದೆ, ಆಕೆ ಎದ್ದು ನಿಲ್ಲಲಾಗದಷ್ಟು ಸೋತಿರುತ್ತಾರೆ, ನಡುವೆ ಟ್ರ್ಯಾಕ್ಟರ್ ಸಿಗುತ್ತದೋ ಇಲ್ಲವೋ.

ಯಜಮಾನರಿಗೆ ಹುರಿ ತೋರಿಸಿದೆ. “ಅದೊಂದ್ ಎಳೆ ಬುಡಿ,” ಅಂದರು. “ನಮ್ ಮಿಲ್ನಾಗೆ ಅಂಥ ಬೆಲ್ಟು ಒಂದ್ ಸುಗ್ಗಿ ಓಡ್ತಾವೆ.” ಬಿಚ್ಚಿಟ್ಟರೆ ಅದನ್ನು ಮತ್ತೆ ಏರಿಸುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ವೈರು ಸುಲಿಯುವ ಚಾಕು ಬೆಂಚಿನ ಮೇಲಿತ್ತು. ತೆಗೆದುಕೊಂಡು ಬೆಲ್ಟಿಗೆ ಇಟ್ಟು ಎಳೆದೆ. ಬಿಗಿಯಾಗಿದ್ದದ್ದಕ್ಕೆ ಪಟ್ ಎಂದು ಸಿಡಿದು ರೇಡಿಯೇಟರಿಗೆ ಹೊಡೆಯಿತು.

“ಏಂ ಪನಯ್ಯಾ ಇದಿ?” ಇದೇನು ಕೆಲಸವಯ್ಯಾ ಎಂದು ಯಜಮಾನರ ಬಾಯಲ್ಲಿ ತೆಲುಗು ಬಂದುಬಿಟ್ಟಿತು. ಅವರ ಹುಟ್ಟೂರು ಪಾವಗಡದ ನಿಡುಗಲ್ ಕಡೆ; ಸಿಟ್ಟು ಬಂದಾಗ ಆ ಊರು ಹೊರಗೆ ಬರುತ್ತದೆ. “ಹೊತ್ತಾಗೈತೆ, ಪಾಳಿ ತಪ್ಪೋಯ್ತದೆ, ಮನ್ಸನಾ ನೀನು? ಓಡ್ತಿದ್ದ ಬೆಲ್ಟು ಕುಯ್ದೆಯಲ್ಲಯ್ಯಾ.” ಸಾಬ್ರೇ ಹೋಗಿ ಏಕವಚನ ಬಂತು. ನಾನೂ ಬಿಡಲಿಲ್ಲ. “ಮನ್ಸ ಆಗಿರೋದಕ್ಕೇ ಕುಯ್ದೆ. ಹೆಂಡ್ತಿನ ದಾರೀಲಿ ಕೂರಿಸ್ಕಂಡು ಎಲ್ಲಿಗೆ ಫೋನ್ ಮಾಡ್ತಿದ್ರಿ, ಆ ಫೋಟೋ ಹಾಕೋ ಗುಂಪಿಗಾ?”

ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಆಕೆ ಕೊಡೆ ಮಡಚಿ ಅದರ ತುದಿಯಿಂದ ಕಾರಿನ ಬಾಗಿಲಿಗೆ ಎರಡು ಸಲ ಬಡಿದರು.

“ಇಬ್ರೂ ಒಂದೇ ತೂಕ,” ಅಂದರು. “ಒಬ್ರು ಮುಟ್ಟಬ್ಯಾಡಿ ಅಂದದ್ದು ಮುಟ್ತಾರೆ, ಇನ್ನೊಬ್ರು ಕೇಳ್ದೆ ಕುಯ್ತಾರೆ. ನನ್ನನ್ನ ಈಗ ಯಾರು ಕರ್ಕಂಡೋಗ್ತೀರಾ, ಅಷ್ಟು ಹೇಳಿ.”

ನನ್ನ ವ್ಯಾನು ತೋರಿಸಿದೆ. ಅದರ ಬಣ್ಣ ಯಾವುದಿತ್ತೆಂದು ನನಗೂ ಮರೆತಿದೆ. ಆಕೆ ಅದನ್ನು ತುದಿಯಿಂದ ತುದಿಗೆ ನೋಡಿದ ನೋಟದ ಮುಂದೆ, ನಾನು ಆ ಕೆಂಪು ಕಾರನ್ನು ನೋಡಿದ ನೋಟ ಏನೂ ಅಲ್ಲ. “ಮುಂದಿನ ಸೀಟು ನಂದು,” ಅಂದರು. “ಇವ್ರು ಹಿಂದೆ ಕೂರ್ಲಿ.” ಮದಲೂರಿನ ಮಿಲ್ಲಿನ ಯಜಮಾನರು ಸತ್ತ ಡೈನಮೋಗಳ ನಡುವೆ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು ಮಧುಗಿರಿಗೆ ಬಂದರು. ದಾರಿಯಲ್ಲಿ ಆಕೆ ಒಮ್ಮೆ, “ನಿಮ್ ಗಾಡಿ ಬಾಗಿಲು ಬಡ್ಕಂತೈತೆ, ಇದಕ್ಯಾರು ಬೆಲ್ಟ್ ಹಾಕೋರು?” ಅಂದರು. ಮಧುಗಿರಿ ಬೆಟ್ಟ ಕಾಣಿಸಿದ ಮೇಲೆ ಕಣ್ಣು ಮುಚ್ಚಿದರು. ಉಸಿರಾಟದ ಸದ್ದು ಇಂಜಿನ್ನಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು, ನಾನು ಗೇರು ಬದಲಿಸುವಾಗಲೆಲ್ಲ ಆ ಕಡೆ ನೋಡುತ್ತಿದ್ದೆ.

ಪಾಳಿ ತಪ್ಪಲಿಲ್ಲ. ಆಕೆಯನ್ನು ಒಳಗೆ ಬಿಟ್ಟು, ದಾರದ ಸುರುಳಿ ಹಿಡಿದು ಸ್ಪೇರ್ ಅಂಗಡಿಗೆ ಹೋದೆ. ಬಸ್ಸಿಗೆ ಹಾಕು ಅಂದಿದ್ದ ಬೆಲ್ಟು ಇನ್ನೂ ಅವನ ಗಲ್ಲಾದ ಪಕ್ಕದಲ್ಲೇ ಬಿದ್ದಿತ್ತು. ಅದೂ ತಪ್ಪು, ಈ ಸಲ ಹದಿಮೂರರದ್ದು.

“ಹೋದ್ಸಲ ಚಿಕ್ದಾಯ್ತು ಅಂದ್ರಿ ಭಾಯ್, ದೊಡ್ದು ಇಟ್ಟಿದ್ದೆ,” ಅಂದ, ಏನೂ ಆಗದವನಂತೆ.

ನಾನೇ ಒಳಗೆ ನುಗ್ಗಿ ಮೊಳೆಗೆ ತೂಗುಹಾಕಿದ್ದ ಬೆಲ್ಟುಗಳನ್ನು ಒಂದೊಂದಾಗಿ ಇಳಿಸಿದೆ. ಉದ್ದಕ್ಕೆ ದಾರ, ಅಗಲಕ್ಕೆ ಅಳತೆ ಕಡ್ಡಿ. ಒಳಮೈಯಲ್ಲಿ ಹಲ್ಲು ಕೊರೆದ ನಮೂನೆಯದೇ ಬೇಕಿತ್ತು. ಸಣ್ಣ ಪುಲ್ಲಿಗೆ ಅದು ಸುಲಭವಾಗಿ ಬಾಗುತ್ತದೆ, ಕಡಿಮೆ ಕಾಯುತ್ತದೆ. ಸಿಕ್ಕಿದ್ದನ್ನು ಒಳಹೊರಗು ಮಾಡಿ ಬಗ್ಗಿಸಿ ಬಿರುಕಿದೆಯಾ ನೋಡಿದೆ. ಅಂಗಡಿಯ ಬಿಸಿಲಿಗೆ ನೇತುಬಿದ್ದೇ ಒಣಗಿ ಹೋದ ಬೆಲ್ಟುಗಳು ಹೊಸ ಚೀಟಿ ಅಂಟಿಸಿಕೊಂಡು ಬೇಕಾದಷ್ಟಿರುತ್ತವೆ. ಕೊನೆಗೆ ಒಂದೇ ತರದವು ಎರಡು ಸಿಕ್ಕವು. ಎರಡನ್ನೂ ತೆಗೆದುಕೊಂಡೆ.

ರಾತ್ರಿ ಅವರಿಬ್ಬರನ್ನೂ ವ್ಯಾನಿನಲ್ಲೇ ಮದಲೂರಿಗೆ ಬಿಟ್ಟು ಬಂದು, ಶನಿವಾರ ಬೆಲ್ಟು ಹಾಕಲು ಕೂತೆ. ಯಜಮಾನರು ಒಬ್ಬರೇ ಬಂದು, ಬ್ಯಾಟರಿ ಡಬ್ಬದ ಮೇಲೆ ಮುಖ ಊದಿಸಿಕೊಂಡು ಕೂತರು. ಪುಲ್ಲಿಗಳ ರಾಳವನ್ನು ಎರಡನೆಯ ಸಲ ತೊಳೆಯುತ್ತಿದ್ದಾಗ ಬೇಕಂತಲೇ ಸದ್ದು ಮಾಡಿ ಉಜ್ಜಿದೆ. ಡೈನಮೋ ಸಡಿಲ ಮಾಡಿ ಒಳಗೆ ತಳ್ಳಿ, ಬೆಲ್ಟನ್ನು ಕೈಯಲ್ಲೇ ಮೂರೂ ಪುಲ್ಲಿಗೆ ಕೂರಿಸಿದೆ. ಯಾವ ಲಿವರೂ ಬೇಕಾಗಲಿಲ್ಲ, ಸರಿಯಾದ ಬೆಲ್ಟಿನ ಗುರುತೇ ಅದು. ಬಿಗಿ ಮಾಡಲು ಮಾತ್ರ ಸುತ್ತಿಗೆಯ ಮರದ ಹಿಡಿ ಕೊಟ್ಟು ಡೈನಮೋವನ್ನು ಹೊರಗೆ ಒತ್ತಿ ಹಿಡಿದು ಬೋಲ್ಟು ಬಿಗಿದೆ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದಲ್ಲಿ ಹೆಬ್ಬೆರಳು ಒತ್ತಿದರೆ ಅರ್ಧ ಇಂಚು ತಗ್ಗಬೇಕು.

ಯಜಮಾನರು ಎದ್ದು ಬಂದು ಒತ್ತಿದರು. “ಸಡ್ಲ,” ಅಂದರು. “ಇಂಗಿದ್ರೆ ಹಿಟ್ಟು ಬರಲ್ಲ.”

“ಹಿಟ್ಟು ಬರೋದು ಬ್ಯಾಡ. ಬಿಗಿ ಮಾಡಿದ್ರೆ ಪಂಪಿನ ಬೇರಿಂಗು ಹೋಯ್ತದೆ. ಕೂತ್ಕಳಿ.”

ಇಂಜಿನ್ ಶುರು ಮಾಡಿದೆ. ಕೆಂಪು ಲೈಟು ಆರಿತು. ಮೀಟರು ಹಿಡಿದರೆ ಹದಿನಾಲ್ಕು ವೋಲ್ಟು. ಹೆಡ್‌ಲೈಟು, ವೈಪರು, ಫ್ಯಾನು ಎಲ್ಲ ಹಾಕಿದರೂ ಹೆಚ್ಚು ಇಳಿಯಲಿಲ್ಲ. ಕಿರುಗುಟ್ಟುವಿಕೆ ಇಲ್ಲ. ಇನ್ನು ಬಾನೆಟ್ಟು ಮುಚ್ಚಬೇಕು, ಅಷ್ಟರಲ್ಲಿ ಯಜಮಾನರು ತಲೆ ಓರೆ ಮಾಡಿ ಕಣ್ಣು ಮುಚ್ಚಿ ನಿಂತರು.

“ಓರೆ ಓಡ್ತೈತೆ,” ಅಂದರು.

“ಏನ್ ಓರೆ?”

“ಒಂದ್ ಅಂಚು ಕೆರೀತೈತೆ. ಸುಯ್ ಅಂತ ಇಲ್ಲ, ಸುಯ್ಕ್, ಸುಯ್ಕ್ ಅಂತೈತೆ. ನಮ್ ಕಲ್ಲು ಮುಂದಕ್ಕೆ ಸರಿದ್ರೆ ಇಂಗೇ ಕೇಳೋದು.”

ನನಗೆ ಏನೂ ಕೇಳಿಸಲಿಲ್ಲ. ರಾಳ ಹಚ್ಚುವವನ ಮಾತು ಎಂದು ತಳ್ಳಿಹಾಕಿ ಬಾನೆಟ್ಟಿಗೆ ಕೈ ಹಾಕಿದೆ. ಆದರೆ ಅದು ಸೋಮವಾರ ಯಾರನ್ನು ಹೊತ್ತುಕೊಂಡು ಹೋಗಬೇಕು ಅನ್ನುವುದು ನೆನಪಾಯಿತು. ಇಂಜಿನ್ ಆರಿಸಿ, ಉಕ್ಕಿನ ಪಟ್ಟಿಯನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಹಿಡಿದೆ. ಇಂಜಿನ್ ಪುಲ್ಲಿಗೆ ಒತ್ತಿ ಕೂತ ಪಟ್ಟಿ ಡೈನಮೋ ಪುಲ್ಲಿಯ ಹತ್ತಿರ ಬೆಳಕು ಬಿಟ್ಟಿತು. ಆ ಪುಲ್ಲಿ ಒಂದು ವಾಷರಿನಷ್ಟು ಹಿಂದಿತ್ತು. ಆ ಮನುಷ್ಯನ ಕಿವಿ ಸರಿಯಾಗಿತ್ತು. ಇದನ್ನು ಒಪ್ಪುವುದು ಬೆಲ್ಟು ಕುಯ್ಯುವುದಕ್ಕಿಂತ ಕಷ್ಟವಾಯಿತು.

“ಒಂದ್ ವಾಷರ್ ಕೊಡಿ, ಆ ಡಬ್ಬದಾಗೈತೆ,” ಅಂದೆ. ಅವರು ಕೊಟ್ಟರು. ಡೈನಮೋದ ಕಾಲಿನ ಹಿಂದೆ ಅದನ್ನು ಸೇರಿಸಿ ಮತ್ತೆ ಬಿಗಿದು, ಮತ್ತೆ ಪಟ್ಟಿ ಹಿಡಿದೆ. ಬೆಳಕು ಹೋಯಿತು. ಇಂಜಿನ್ ಹಾಕಿದಾಗ ನಾನು ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಬಿಟ್ಟು, “ಈಗ ಆಯ್ತು,” ಅಂದರು. ಜೇಬಿನಿಂದ ಏನೋ ತೆಗೆಯಲು ಕೈ ಹಾಕಿದರು. ರಾಳದ ಉಂಡೆ. ನಾನು ಅಂಗೈ ಚಾಚಿದೆ. ಮಗುವಿನ ಕೈಯಿಂದ ಮಿಠಾಯಿ ಕಿತ್ತುಕೊಂಡವನನ್ನು ನೋಡುವ ಹಾಗೆ ನನ್ನನ್ನು ನೋಡಿ, ಅಂಗೈಗೆ ಹಾಕಿದರು. ಶಿರಾದಿಂದ ಒಂದಷ್ಟು ದೂರ ಓಡಿಸಿಕೊಂಡು ಬಂದು, ಹೊಸ ಬೆಲ್ಟು ಹಿಗ್ಗಿದ್ದಷ್ಟು ಮತ್ತೆ ಬಿಗಿ ಮಾಡಿ ಗಾಡಿ ಕೊಟ್ಟೆ.

ಸೋಮವಾರ ಮಧ್ಯಾಹ್ನ ಕೆಂಪು ಕಾರು ಅಂಗಡಿಯ ಮುಂದೆ ಹಾದುಹೋಯಿತು. ಕೊಡೆ ಬಿಚ್ಚಿತ್ತು. ನಿಲ್ಲಿಸಲಿಲ್ಲ, ಕೈ ಬೀಸಲೂ ಇಲ್ಲ. ನಾನು ಬೆಂಚಿನ ಮೇಲಿದ್ದ ಲಾರಿಯ ಡೈನಮೋ ಬಿಟ್ಟು, ಎರಡನೆಯ ಬೆಲ್ಟು, ಸ್ಪ್ಯಾನರು, ಒಂದು ಕ್ಯಾನು ನೀರು ವ್ಯಾನಿಗೆ ಹಾಕಿಕೊಂಡು ಹಿಂದೆ ಹೊರಟೆ. ಕರೆಯದವರ ಹಿಂದೆ ಹೋಗುವುದು ನನ್ನ ಸ್ವಭಾವವಲ್ಲ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಏರು ಬಂದಲ್ಲೆಲ್ಲ ಆ ಕಾರಿನ ಮೂತಿಯಿಂದ ಹಬೆ ಏಳುತ್ತದಾ ಎಂದು ನೋಡಿದೆ. ಏಳಲಿಲ್ಲ. ಯಜಮಾನರು ಹದವಾಗಿ ಓಡಿಸುತ್ತಿದ್ದರು. ಆಕೆಯ ಕೊಡೆ ಗಾಳಿಗೆ ಒಮ್ಮೆಯೂ ಮಗುಚಲಿಲ್ಲ.

ಮಧುಗಿರಿಯಲ್ಲಿ ಕಾರು ನಿಂತಾಗ ನಾನು ಸ್ವಲ್ಪ ಹಿಂದೆ ಮರದ ಕೆಳಗೆ ನಿಲ್ಲಿಸಿ, ಕಾಣದವನಂತೆ ಕೂತೆ. ಯಜಮಾನರು ಬಾಗಿಲು ತೆಗೆದು ಆಕೆಯ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. ಆಕೆ ಒಳಗೆ ಹೋಗಲಿಲ್ಲ. ಕೊಡೆಯನ್ನು ಊರುಗೋಲು ಮಾಡಿಕೊಂಡು, ಊದಿದ ಕಾಲಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ನನ್ನ ವ್ಯಾನಿನವರೆಗೂ ನಡೆದು ಬಂದರು. ಕಿಟಕಿಯ ಹತ್ತಿರ ನಿಂತು ಉಸಿರು ತೆಗೆದುಕೊಂಡರು.

“ಸಾಬ್ರೇ, ಬೆಲ್ಟು ನೆಟ್ಟಗೈತೆ.”

“ಹೂಂ ಅಕ್ಕಾ. ನೋಡ್ಕಂಡ್ ಬಂದೆ.”

“ಜನ ಇಂಗೆ ಹಿಂದಿಂದೆ ಬರೋದು ಹೆಣ ಎತ್ಕಂಡೋಗುವಾಗ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. “ನಾನಿನ್ನೂ ಕೂತ್ಕಂಡೇ ಹೋಯ್ತಿದೀನಿ. ಬುಧವಾರ ನೀವು ಬರಬ್ಯಾಡಿ.”

ನಾನು ಎರಡನೆಯ ಬೆಲ್ಟನ್ನು ಕಿಟಕಿಯಿಂದ ಆಕೆಯ ಕೈಗೆ ಕೊಟ್ಟೆ, ಯಜಮಾನರ ಕೈಗಲ್ಲ. ಆಕೆ ಅದನ್ನು ಬಳೆಯಂತೆ ಬಲಗೈಗೆ ಏರಿಸಿಕೊಂಡು ಒಳಗೆ ಹೋದರು. ವ್ಯಾನು ತಿರುಗಿಸಿದೆ.

ಬುಧವಾರ ಹೋಗಲಿಲ್ಲ. ಕಾರು ಬರುವ ಹೊತ್ತಿಗೆ ಬೆಂಚಿನ ಮುಂದೆ ರಸ್ತೆಗೆ ಬೆನ್ನು ಮಾಡಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದೆ. ಮದಲೂರು ಕಡೆಯಿಂದ ಬಂದ ಇಂಜಿನ್ನಿನ ಸದ್ದು ಹತ್ತಿರವಾಯಿತು, ಅಂಗಡಿ ದಾಟಿತು, ಮಧುಗಿರಿ ಕಡೆ ಹೋಯಿತು. ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಕೊಟ್ಟಿದ್ದೆ, ಬೆಲ್ಟು ಎಲ್ಲೂ ಕೂಗಲಿಲ್ಲ.